ಕೆಡದ ಮೆಷಿನ್ನು, ಕೊಳೆಯಾಗದ ಸೀರೆ

ಬಾಗಿಲು ಸ್ವಲ್ಪ ಮುಂದೆ ಮಾಡಿ ಹತ್ತಿರ ಕೂತ್ಕೊಳ್ಳಿ, ಮೆಲ್ಲಗೆ ಹೇಳ್ತೀನಿ. ಇದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ಚಂದ್ರಾ ಲೇಔಟ್ ದಾಟೋದಿರಲಿ, ನಮ್ಮ ಅಡ್ಡರಸ್ತೆ ಕೂಡ ದಾಟಬಾರದು. ಈ ಒಗೆಯೋ ಮೆಷಿನ್ನು, ತೊಳೆಯೋ ಮೆಷಿನ್ನು ಬಂದ ಮೇಲೆ ಮನೆಮನೆಯಲ್ಲೂ ಏನಾದರೊಂದು ಫಜೀತಿ ಆಗ್ತಾನೇ ಇರುತ್ತೆ, ಆದರೆ ಯಾರೂ ಬಾಯಿ ಬಿಡಲ್ಲ. ನಾನೊಬ್ಬಳು ಬಿಡ್ತೀನಿ, ಅದಕ್ಕೇ ನನಗೆ ಕೆಟ್ಟ ಹೆಸರು.

ಮೊದಲು ನನ್ನದೇ ಗುಟ್ಟು ಕೇಳಿ. ನಮ್ಮ ಮನೆ ಮೆಷಿನ್ನು ಕೆಟ್ಟಿದೆ ಅಂತ ಬೀದಿಗೆಲ್ಲ ಸಾರಿದೀನಿ. ಕೆಟ್ಟಿಲ್ಲ. ಗುಂಡುಕಲ್ಲಿನ ಹಾಗಿದೆ.

ಮುಂಚೆ ನಮ್ಮ ಕಾಂಪೌಂಡಿನ ಸಂಪಿನ ಪಕ್ಕ ಒಗೆಯೋ ಕಲ್ಲಿತ್ತು. ಹತ್ತು ಗಂಟೆಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಕೆಟ್ಟು ಹಿಡ್ಕೊಂಡು ಬರೋರು. ಯಾರ ಸೊಸೆ ಮುನಿಸ್ಕೊಂಡು ತವರಿಗೆ ಹೋದಳು, ಯಾರ ಗಂಡ ತೂರಾಡ್ಕೊಂಡು ಬಂದ, ಎಲ್ಲ ಅಲ್ಲೇ ಒಗೆದು ಹಿಂಡಿ ಹರವ್ತಿದ್ವಿ. ಈಗ ಅವರವರ ಮನೆಯೊಳಗೆ ಅವರವರು ಗುಂಡಿ ಒತ್ತುತ್ತಾರೆ. ಕಲ್ಲು ಕಿತ್ತು ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ. ನಮ್ಮ ಯಜಮಾನರು ಹೋಗಿ ಆರು ವರ್ಷ ಆಯ್ತು, ಮಕ್ಕಳಿಲ್ಲ. ಟೀವಿ ಮಾತಾಡುತ್ತೆ, ನಾನು ಹೇಳಿದ್ದು ಕೇಳಿಸ್ಕೊಳ್ಳಲ್ಲ. ಒಂದು ಸಂಜೆ ಹೂವಿನವಳಿಗೆ ‘ಒಂದು ಮೊಳ ಸಾಕು’ ಅಂದಾಗ ದನಿಯೇ ಹೊರಡಲಿಲ್ಲ. ಯೋಚನೆ ಮಾಡಿದ್ರೆ, ಬೆಳಿಗ್ಗೆಯಿಂದ ನಾನು ಆಡಿದ ಮೊದಲನೇ ಮಾತು ಅದು.

ಆಗ ಹೊಳೀತು. ಮೆಷಿನ್ನಿಗೆ ಒಂದು ಸಲ ಬಟ್ಟೆ ಹಾಕಿದ್ರೆ ಐವತ್ತೈದು ನಿಮಿಷ. ಒಳಗೆ ನಿಮ್ಮ ಬಟ್ಟೆ ತಿರುಗ್ತಾ ಇರೋವರೆಗೂ ಯಾರೂ ಎದ್ದು ಹೋಗಿ ಅನ್ನೋ ಹಾಗಿಲ್ಲ, ಕಾಫಿ ಕೊಡಲೇಬೇಕು. ಪೆಟ್ಟಿಗೆಯಲ್ಲಿದ್ದ ಪಾಚಿ ಹಸಿರು ಸೀರೆ ಬಕೆಟ್ಟಿಗೆ ಹಾಕ್ಕೊಂಡೆ. ಅದನ್ನ ಉಟ್ಟೇ ಇಲ್ಲ. ನನ್ನ ಕೊಳೆ ಬಟ್ಟೆ ಇನ್ನೊಬ್ಬರ ಮನೆಗೆ ಹೊರೋಷ್ಟು ದಡ್ಡಿಯಲ್ಲ ನಾನು. ಬಟ್ಟೆ ನೋಡಿ ಮನೆ ಕತೆ ಕಟ್ಟೋರು ಎಂಥವರು ಅಂತ ನನಗೆ ಗೊತ್ತಿಲ್ವಾ.

ಎದುರು ಮನೆಯ ವಾಕಿಂಗು

ಎದುರು ಮನೆಯವರು ರಿಟೈರಾದ ಮನುಷ್ಯ, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ವಾಕಿಂಗ್ ಹೋಗೋರು, ಸೆಂಟು ಹಾಕ್ಕೊಂಡು. ವಾಕಿಂಗಿಗೆ ಸೆಂಟು ಯಾಕೆ ಹೇಳಿ. ಯಾರೋ ಇದಾಳೆ ಅಂತ ನಾನು ಆಗಲೇ ಎರಡು ಮನೆಗೆ ಹೇಳಿಯೂ ಆಗಿತ್ತು.

ನಾನು ಸೀರೆ ತಗೊಂಡು ಹೋದ ದಿನವೇ ಅವರ ಮೆಷಿನ್ನಿಂದ ನೀರು ಇಳೀಲಿಲ್ಲ. ಮೆಕ್ಯಾನಿಕ್ ಬಂದು ಕೆಳಗಿನ ಫಿಲ್ಟರ್ ಬಿಚ್ಚಿದ. ಒಂದು ಓಲೆನೋ ಹೇರ್‌ಪಿನ್ನೋ ಸಿಕ್ಕುತ್ತೆ ಅಂತ ನಾನು ಕತ್ತು ಚಾಚಿದೆ. ಬಂದಿದ್ದು ಹಲ್ಲು ಚುಚ್ಚೋ ಕಡ್ಡಿ. ಒಂದಲ್ಲ ಎರಡಲ್ಲ, ಹದಿನೇಳು. ಜೊತೆಗೆ ಜೇಬಿನಲ್ಲೇ ಉಳಿದ ದರ್ಶಿನಿ ಹೋಟೆಲಿನ ಬಿಲ್ಲುಗಳ ಉಂಡೆ. ಒಂದು ಚೂರಿನ ಮೇಲೆ ‘ವಡೆ’ ಅನ್ನೋದು ಮಾತ್ರ ಅಳಿಸಿರಲಿಲ್ಲ. ಸೆಂಟು ಎಣ್ಣೆ ವಾಸನೆ ಮುಚ್ಚೋದಕ್ಕೆ.

ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತ್ಕೊಂಡು, ‘ಯಾವಳೋ ಒಬ್ಬಳು ಇದ್ದಿದ್ರೆ ಹೋಗಿ ಜುಟ್ಟು ಹಿಡಿದು ಬಿಡಿಸ್ತಿದ್ದೆ ಅಕ್ಕ. ವಡೆಗೆ ಜುಟ್ಟು ಎಲ್ಲಿದೆ’ ಅಂದ್ಲು.

ಮರುದಿನ ಮಧ್ಯಾಹ್ನದೊಳಗೆ ಇಡೀ ಬೀದಿಗೆ ಗೊತ್ತಾಯ್ತು. ಹೇಗೆ ಗೊತ್ತಾಯ್ತೋ ಏನೋ. ಮುಂದಿನ ವಾರ ಬಕೆಟ್ಟು ಹಿಡ್ಕೊಂಡು ಹೋದರೆ ಗ್ರಿಲ್ಲಿನ ಹಿಂದಿನಿಂದಲೇ ‘ನಮ್ಮ ಮೆಷಿನ್ನೂ ಕೆಟ್ಟಿದೆ ಅಕ್ಕ’ ಅಂದ್ಲು. ಒಳಗೆ ಅದು ಗುರ್ ಅಂತ ತಿರುಗ್ತಾನೇ ಇತ್ತು.

ಮೂಲೆ ಮನೆಯ ಅವರೆಕಾಳು

ಅವರೆಕಾಯಿ ಕಾಲ. ಮೂಲೆ ಮನೆಗೆ ಬೀಗರು ಊಟಕ್ಕೆ ಬರೋರಿದ್ರು. ಆ ಮನೆಯಾಕೆ ಒಂದು ಬೇಸಿನ್ ತುಂಬ ಕಾಳು ನೆನೆಹಾಕಿ, ಒಂದೊಂದೇ ಹಿತುಕಿ ಸಿಪ್ಪೆ ತೆಗೀತಾ ಕೂತಿದ್ಲು. ಬೆರಳೆಲ್ಲ ಸುಕ್ಕಾಗಿತ್ತು. ನನ್ನ ಸೀರೆ ಆಗಷ್ಟೇ ಒಗೆದು ಮುಗಿದಿತ್ತು.

‘ದಿಂಬಿನ ಕವರಿಗೆ ತುಂಬಿ ಬಾಯಿ ಕಟ್ಟಿ ಮೆಷಿನ್ನಿಗೆ ಹಾಕು, ಸಿಪ್ಪೆ ತಾನೇ ಬಿಡುತ್ತೆ’ ಅಂದೆ. ಹೌದು, ಐಡಿಯಾ ನನ್ನದೇ. ಇದೂ ನಿಮ್ಮ ಹೊಟ್ಟೆಯಲ್ಲಿರಲಿ.

ಸಿಪ್ಪೆ ಚೆನ್ನಾಗೇ ಬಿಡ್ತು. ಅರ್ಧ ಕಾಳು ಚಟ್ನಿ ಆಯ್ತು, ಇನ್ನರ್ಧ ಸಾರಾಯ್ತು. ಬೀಗಿತ್ತಿ ಎರಡು ಸಲ ಬಡಿಸ್ಕೊಂಡು, ‘ಏನೋ ಘಮ ಇದೆಯಲ್ಲ, ನೀವು ಹಿತಕಿದ ಬೇಳೆ ಸಾರಿಗೆ ಮಲ್ಲಿಗೆ ಹಾಕ್ತೀರಾ’ ಅಂತ ಕೇಳಿದ್ಲು. ಮೆಷಿನ್ನಿನ ಡಬ್ಬಿಯಲ್ಲಿ ಬಟ್ಟೆಗೆ ವಾಸನೆ ಬರಲಿ ಅಂತ ಹಾಕೋ ನೀರು ಉಳಿದಿತ್ತು, ಅದರ ಘಮ. ನಮ್ಮವಳು ಕಣ್ಣು ಮಿಟುಕಿಸದೆ, ‘ಹೂಂ, ನಮ್ಮ ಕಡೆ ಅದು ಪದ್ಧತಿ’ ಅಂದ್ಲು.

ಆಮೇಲೆ ಆ ಬೀಗಿತ್ತಿ ನನಗೆ ಸೊಪ್ಪಿನ ಅಂಗಡಿಯಲ್ಲಿ ಸಿಕ್ಕಿದಳು. ಒಂದು ಮೊಳ ಮಲ್ಲಿಗೆ ಹಾಕಿ ಸಾರು ಮಾಡಿದ್ಲಂತೆ, ಮನೆಯವರೆಲ್ಲ ಉಗಿದರಂತೆ. ನಾನೇನೂ ಹೇಳಲಿಲ್ಲ. ಮಲ್ಲಿಗೆ ಬೇಡ ಕಣಮ್ಮ, ಮೆಷಿನ್ ಬೇಕು ಅಂದೆ, ಅಷ್ಟೇ.

ಆ ಮನೆಯ ಗ್ರಿಲ್ಲೂ ಮುಚ್ಚಿತು.

ಮೂರಂತಸ್ತಿನ ಮನೆಯ ಮುದ್ದೆ

ಮೂರಂತಸ್ತಿನ ಮನೆಯವರು ಹೊಸಹಳ್ಳಿ ಕಡೆಯ ಹಳೇ ಒಕ್ಕಲು. ಹೊಲ ಎಲ್ಲ ಸೈಟಾಗಿ ಈಗ ಬಾಡಿಗೆ ಮನೆಗಳಾಗಿವೆ. ಸೊಸೆ ಹಟ ಹಿಡಿದು ಪಾತ್ರೆ ತೊಳೆಯೋ ಮೆಷಿನ್ನು ತರಿಸಿದ್ಲು. ಅತ್ತೆ ಅದಕ್ಕೆ ತಳ ಹತ್ತಿದ ಮುದ್ದೆ ಪಾತ್ರೆಯನ್ನ ಕೋಲಿನ ಸಮೇತ ಇಟ್ಟು ಬಾಗಿಲು ಹಾಕಿದ್ರು. ಒಳಗೆ ಬಿಸಿ ನೀರು. ಹಸಿ ಹಿಟ್ಟು, ಬೆಂದ ಹಿಟ್ಟು ಎಲ್ಲ ಸೇರಿ ಎರಡನೇ ಸಲ ಬೆಂದು ಪೈಪಿನ ತುದಿವರೆಗೂ ಕಟ್ಕೊಳ್ತು.

ನಾನು ಅಲ್ಲೇ ಕಾಫಿ ಕುಡೀತಾ ಕೂತಿದ್ದೆ. ಮೆಕ್ಯಾನಿಕ್ ಪೈಪು ಬಿಚ್ಚಿ, ಸ್ಕ್ರೂಡ್ರೈವರಲ್ಲಿ ಕುಟ್ಟಿ ನೋಡಿ, ‘ಏನಮ್ಮಾ, ಸಿಮೆಂಟ್ ಹಾಕಿದೀರಾ’ ಅಂದ.

ಮನೆ ಯಜಮಾನರು ಪೇಪರಿಂದ ತಲೆ ಎತ್ತಿ, ‘ಸಿಮೆಂಟಲ್ಲ ಕಣಪ್ಪ, ಮುದ್ದೆ. ನುಂಗೋ ಪದಾರ್ಥ. ನಿಮ್ಮ ಮೆಷಿನ್ನಿಗೆ ಊಟ ಮಾಡಕ್ಕೆ ಬರಲ್ಲ, ಅಗಿದುಬಿಟ್ಟಿದೆ’ ಅಂದ್ರು.

ಇದನ್ನ ಹೇಳದೆ ಹೊಟ್ಟೆಯಲ್ಲಿ ಹೇಗೆ ಇಟ್ಕೊಳ್ಳಲಿ. ಹೇಳಿದೆ. ಆಮೇಲೆ ಬೀದಿಯಲ್ಲಿ, ಆ ಅಜ್ಜಿ ಬಕೆಟ್ಟು ತಂದ ಮನೆ ಮೆಷಿನ್ನು ಉಳಿಯಲ್ಲ ಅಂತ ಮಾತು ಎದ್ದಿತು. ನನ್ನನ್ನ ಕಂಡ್ರೆ ಮೆಷಿನ್ನಿಗೆ ನಿಂಬೆಹಣ್ಣು ಕಟ್ಟೋರೂ ಹುಟ್ಟಿಕೊಂಡ್ರು.

ನಮ್ಮ ಮೇಲಿನ ಮನೆ

ಉಳಿದಿದ್ದು ಒಂದೇ ಮನೆ, ನಮ್ಮ ಮೇಲಿನದು. ಗದಗದ ಕಡೆಯ ಹುಡುಗಿ, ನರ್ಸು. ಬಾಡಿಗೆಗೆ ಬಂದು ನಾಲ್ಕು ತಿಂಗಳು. ಇವಳೂ ಗ್ರಿಲ್ ಹಾಕ್ಕೊಂಡ್ರೆ ಬಕೆಟ್ಟು ಹೊತ್ತು ಮುಂದಿನ ರಸ್ತೆಗೆ ಹೋಗೋಷ್ಟು ಗಟ್ಟಿ ಮಂಡಿ ನನಗಿಲ್ಲ. ಅದಕ್ಕೇ ಇವಳ ಮನೆ ವಿಷಯ ಒಂದೂ ಎಲ್ಲೂ ಆಡಿಲ್ಲ. ಅವಳ ಗಂಡ ಬನಿಯನ್ನಿಗೂ ಇಸ್ತ್ರಿ ಹಾಕ್ತಾನೆ, ಅದನ್ನೂ ಆಡಿಲ್ಲ. ಎಷ್ಟು ಕಷ್ಟ ಆಯ್ತು ಅಂತ ನನಗೇ ಗೊತ್ತು.

ನನ್ನ ನಿಜವಾದ ಕೊಳೆ ಬಟ್ಟೆಗಳನ್ನ ಅವಳು ಡ್ಯೂಟಿಗೆ ಹೋದ ಮೇಲೆ ನಮ್ಮ ಮೆಷಿನ್ನಲ್ಲೇ ಹಾಕ್ತಿದ್ದೆ. ಅದಿರೋದು ಬಾತ್‌ರೂಮ್ ಮುಂದಿನ ಸಣ್ಣ ಓಣಿಯಲ್ಲಿ. ಒಂದು ಕಾಲು ಗಿಡ್ಡ, ರಟ್ಟು ಮಡಿಸಿ ಕೊಟ್ಟಿದ್ದೆ. ಮೊನ್ನೆ ಬಟ್ಟೆ ಹಾಕಿ ಸ್ನಾನಕ್ಕೆ ಹೋದೆ. ಮೆಷಿನ್ನು ಬಟ್ಟೆ ಹಿಂಡೋಕೆ ಶುರುಮಾಡಿ ದಡಬಡ ಕುಣೀತು. ರಟ್ಟು ಹಾರಿರಬೇಕು. ಸೀರೆ ಸುತ್ತಿಕೊಂಡು ಬಾಗಿಲು ತಳ್ಳಿದ್ರೆ ಬಾಗಿಲು ಅಲ್ಲಾಡಲ್ಲ. ಮೆಷಿನ್ನು ನಡ್ಕೊಂಡು ಬಂದು ಬಾಗಿಲಿಗೆ ಒರಗಿ ನಿಂತಿದೆ.

ಕಿಂಡಿಯಿಂದ ಕೂಗಿದೆ. ಅಷ್ಟು ವರ್ಷ ಬೀದಿಗೆಲ್ಲ ಕೇಳಿಸಿದ ನನ್ನ ಬಾಯಿ ಆವತ್ತು ಯಾರಿಗೂ ಕೇಳಿಸಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ಕೂತೆ. ನಾನು ಕಾಣ್ತಿಲ್ಲ ಅಂತ ಯಾರಿಗೆ ಯಾವಾಗ ಗೊತ್ತಾಗಬಹುದು ಅಂತ ಲೆಕ್ಕ ಹಾಕಿದೆ. ಹೂವಿನವಳು ಸಂಜೆ ಬರ್ತಾಳೆ. ಆಮೇಲೆ ಯಾರೂ ಇಲ್ಲ.

ಆವತ್ತು ಮೇಲಿನ ಹುಡುಗಿ ಊಟದ ಹೊತ್ತಿಗೇ ವಾಪಸ್ ಬಂದಿದ್ಲು. ನಮ್ಮ ಮುಂಬಾಗಿಲಿಗೆ ನಾನು ಚಿಲಕ ಹಾಕಲ್ಲ, ಯಾರಾದರೂ ಬಂದಾರು ಅಂತ. ನಾನು ಬಾಗಿಲು ಬಡಿಯೋ ಸದ್ದು ಕೇಳಿ ಒಳಗೆ ಬಂದು, ‘ಹೆದರಬ್ಯಾಡ್ರಿ ಅಜ್ಜಿ’ ಅಂತ ಮೆಷಿನ್ನು ದಬ್ಬಿ ನನ್ನನ್ನ ಹೊರಗೆ ತಂದ್ಲು. ಆಮೇಲೆ ಮೆಷಿನ್ನಿನ ಮುಚ್ಚಳ ಎತ್ತಿ ನೋಡಿದ್ಲು.

‘ಅಜ್ಜಿ, ಇದು ಕೆಟ್ಟೈತಿ ಅಂದಿದ್ರೆಲ್ರಿ.’

‘ಇವತ್ತೇ ಸರಿಹೋಯ್ತು ಕಣಮ್ಮ.’

‘ತಂತಾನ?’

‘ಹೂಂ.’

‘ಸರಿಹೋಗಿದ್ದ ತಡ, ನಿಮ್ಮನ್ನ ಕೂಡಿ ಹಾಕಿ ಕಾವಲ ನಿಂತಿತೇನ್ರಿ?’

ಅಷ್ಟರಲ್ಲಿ ಅವಳ ಕಣ್ಣು ಮಂಚದ ಪಕ್ಕ ಹೋಯ್ತು. ಅವಳು ಡ್ಯೂಟಿಯಿಂದ ಬಂದ ಮೇಲೆ ಅವಳ ಮನೆಗೆ ಒಯ್ಯೋ ಬಕೆಟ್ಟು ಅಲ್ಲಿ ರೆಡಿ ಇತ್ತು, ಅದರೊಳಗೆ ಪಾಚಿ ಹಸಿರು ಸೀರೆ. ಎತ್ತಿ ಮೂಸಿ ನೋಡಿದ್ಲು. ಮುಗೀತು, ಕೊನೇ ಮನೆಯೂ ಹೋಯ್ತು ಅಂದ್ಕೊಂಡೆ. ಆಗ ಅವಳು ನನ್ನ ಮುಖಕ್ಕೆ ಮುಖ ಕೊಟ್ಟು ಏನಂದ್ಲು ಗೊತ್ತಾ, ಅದೂ ನಿನ್ನೆ ಮೊನ್ನೆ ಬಂದವಳು:

‘ಸಿಟ್ಟಾಗಬ್ಯಾಡ್ರಿ ಅಜ್ಜಿ. ಈ ಸೀರಿ ಆರು ಸಲ ಒಗದೀನಿ, ಒಮ್ಮೆನೂ ಹೊಲಸ ಇರಲಿಲ್ಲ. ಪಾಪ, ಬಣ್ಣ ಹೊಂಟೈತಿ ಅದರದು. ನಾಳಿಂದ ಇದನ್ನ ಮನ್ಯಾಗ ಬಿಟ್ಟು ನೀವಷ್ಟ ಬರ್ರಿ.’