ಮದುವೆ ಕ್ಯಾಸೆಟ್ಟಿನ ಮುಂದೆ ಮೈಕು

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಚಾಮರಾಜಪೇಟೆಯ ಶೀನಣ್ಣ ವಿಸಿಆರ್ ತಂದುಕೊಂಡ. ತನ್ನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

ಆದರೆ ಮಾವ ರಾಮಸ್ವಾಮಿಗಳು ಇಪ್ಪತ್ತು ವರ್ಷದಿಂದ ಒಂದೇ ಮಾತು ಆಡಿಕೊಂಡು ಬಂದಿದ್ದರು: "ನಮ್ಮಳಿಯಂದ್ರಿಗೆ ಊಟ ಮಾಡೋದು ಬಿಟ್ಟು ಬೇರೆ ಕೈಕೆಲಸ ಬರಲ್ಲ." ಆ ಭಾನುವಾರ ಸಂಜೆ ಅವರ ಹುಟ್ಟುಹಬ್ಬ. ಮಲ್ಲೇಶ್ವರದ ಅವರ ಮನೆಯಲ್ಲಿ, ನೆಂಟರೆಲ್ಲರ ಎದುರಿಗೆ, ತಾನೇ ಕಂಪ್ಯೂಟರಿನಲ್ಲಿ ಮಾಡಿದ ಡಿವಿಡಿ ಹಾಕಿ ಮಾವನ ಬಾಯಿ ಮುಚ್ಚಿಸಬೇಕು. ಶೀನಣ್ಣನ ಜನ್ಮ ಸಾರ್ಥಕವಾಗಲು ಅಷ್ಟೇ ಬಾಕಿ ಇತ್ತು.

ಅವತ್ತು ಬೆಳಿಗ್ಗೆ ವಿಸಿಆರ್ ಬಂದ ಹಿಂದೆಯೇ, ಕರೆಯದಿದ್ದರೂ, ಪಕ್ಕದ ಮನೆಯ ಮಾಯಣ್ಣನೂ ಬಂದ. ಚಿತ್ರದ ವೈರು ಕಂಪ್ಯೂಟರಿಗೆ ಸರಿಯಾಗಿ ಕೂತಿತು. ಶಬ್ದದ ವೈರು ಮಾತ್ರ ಯಾವ ತೂತಿಗೂ ಹೊಂದಲಿಲ್ಲ.

"ಅದಕ್ಯಾಕೆ ತಲೆ ಕೆಡಿಸ್ಕೋತೀರ ಶೀನಣ್ಣ? ವಿಸಿಆರ್‌ನ ಟಿವಿಗೂ ಸಿಕ್ಸಿ ಜೋರಾಗಿ ಹಾಕಿ, ಮುಂದೆ ಕಂಪ್ಯೂಟರ್ ಮೈಕ್ ಇಟ್ಬಿಡಿ. ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ನಾನು ಎಷ್ಟು ಹಾಡು ಹಿಡಿದಿಲ್ಲ!" ಎಂದ ಮಾಯಣ್ಣ.

"ರೀ, ನಾವು ಮಾತಾಡಿದ್ರೆ ಅದೂ ಸೇರ್ಕೊಳಲ್ವಾ?" ಎಂದಳು ಹೆಂಡತಿ ಅಲಮೇಲು.

"ಇಲ್ಲಿ ಮಾತಾಡೋರು ಯಾರಿದಾರೆ?" ಎಂದು ಶೀನಣ್ಣ ಗದರಿದ.

ಕ್ಯಾಸೆಟ್ಟು ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತೂ ಕಾಯಬೇಕಿತ್ತು. ಕಾಶಿಯಾತ್ರೆ ಮುಗಿಯುವವರೆಗೆ ಮೂವರೂ ಕೆಮ್ಮನ್ನು ಕೂಡ ನುಂಗಿಕೊಂಡರು. ಆದರೆ ಮದುವೆ ವಿಡಿಯೋ ನೋಡುತ್ತ ಬಾಯಿ ಕಟ್ಟಿಕೊಂಡಿರುವುದು ಋಷಿಗಳಿಗೂ ಸಾಧ್ಯವಿಲ್ಲ. ಧಾರೆಯ ಹೊತ್ತಿಗೆ ಮೈಕು ಇರುವುದೇ ಮರೆತುಹೋಗಿತ್ತು.

"ಅಯ್ಯೋ ಶೀನಣ್ಣ, ನಿಮಗೆ ಇಷ್ಟೊಂದು ಕೂದಲಿತ್ತಾ! ಆ ಮೂಲೇಲಿ ಮುಖ ಗಂಟು ಹಾಕ್ಕೊಂಡು ನಿಂತಿರೋರು ಯಾರು?"

"ನಮ್ಮ ಮಾವ! ಅಡುಗೆಮನೆ ಬಾಗಿಲು ಕಾಯ್ತಿದಾರೆ. ಯಾರಾದ್ರೂ ಎರಡನೇ ಲಾಡು ಕೇಳಿಬಿಟ್ರೆ ಅಂತ ಭಯ. ಒಂದನೇದನ್ನೇ ಒಡೆಯೋಕಾಗ್ಲಿಲ್ಲ, ಅದು ಬೇರೆ ವಿಷ್ಯ. ಇಂಥ ಜಿಪುಣ ಭೂಮಿ ಮೇಲೆ ಇನ್ನೊಬ್ಬ ಹುಟ್ಟಿಲ್ಲ ಬಿಡಿ."

ಅಲಮೇಲು ಕೂಡ, ತಾನು ಆ ಜಿಪುಣನ ಮಗಳೆಂಬುದನ್ನು ಮರೆತು, ಬಿದ್ದುಬಿದ್ದು ನಕ್ಕಳು.

ಡಿವಿಡಿಗೆ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಪೂರ್ತಿ ನೋಡಲು ಪುರುಸೊತ್ತೆಲ್ಲಿ? ಮೊದಲಿಗೆ ನಾದಸ್ವರ ಕೇಳಿಸಿತು, ಸಾಕೆಂದು ಹೆಂಡತಿಯನ್ನು ಆಟೋ ಹತ್ತಿಸಿದ.

ಮಾವನ ಮನೆಯಲ್ಲಿ ಕಾಶಿಯಾತ್ರೆ ಸೊಗಸಾಗಿ ನಡೆಯಿತು. "ಪರವಾಗಿಲ್ವೇ ಅಳಿಯಂದ್ರೇ!" ಎಂದರು ರಾಮಸ್ವಾಮಿಗಳು. ಶೀನಣ್ಣನ ಎದೆ ಉಬ್ಬಿತು. ಅಷ್ಟರಲ್ಲಿ ಮಂಗಳವಾದ್ಯದ ಮೇಲೆ ಮಾಯಣ್ಣನ ಗಂಟಲು ಕೇಳಿಸಿತು. ಶೀನಣ್ಣ ಹೌಹಾರಿ ರಿಮೋಟಿಗಾಗಿ ಹುಡುಕಿದ. ಅದು ಮಾವನ ಮುಷ್ಟಿಯಲ್ಲಿತ್ತು. ಲಾಡು ಬಂತು, ಜಿಪುಣ ಬಂದ, ಕೊನೆಗೆ ಮಗಳ ನಗುವೂ ಬಂತು. ನೆಂಟರೆಲ್ಲ ಕಣ್ಣು ಮಿಟುಕಿಸದೆ ಕೂತಿದ್ದರು.

ಮಾವ ಎದ್ದು ಒಳಗೆ ಹೋದರು. ಕೋಲು ತರುತ್ತಾರೆಂದು ಶೀನಣ್ಣ ಚಪ್ಪಲಿಯ ಕಡೆ ನೋಡಿದ. ಅವರು ತಂದದ್ದು ಚೀಲದ ತುಂಬ ಕ್ಯಾಸೆಟ್ಟು.

"ಮುಂಜಿ, ಗೃಹಪ್ರವೇಶ, ನನ್ನ ಷಷ್ಟಿಪೂರ್ತಿ, ಎಲ್ಲ ಇದೆ. ಇವನ್ನೂ ಹೀಗೇ ಮಾಡ್ಕೊಡಿ. ಅದೇ ಮೈಕ್ ಇರ್ಲಿ."

"ನಿಮಗೆ ಕೋಪ ಬರ್ಲಿಲ್ವಾ ಮಾವ?"

"ಕೋಪ ಯಾಕೆ? ನೀವು ಹೇಳಿದ್ದಾಯ್ತು, ಇನ್ನು ನನ್ನ ಸರದಿ. ಪ್ರತಿ ಭಾನುವಾರ ಬೆಳಿಗ್ಗೇನೇ ಬಂದು ಆ ಮೈಕ್ ಮುಂದೆ ಕೂತ್ಕೋತೀನಿ. ನಿಮ್ಮ ಬಗ್ಗೆ ಹೇಳೋದು ಬೇಕಾದಷ್ಟಿದೆ. ಆಮೇಲೆ ಇವರಿಗೆಲ್ಲ ಒಂದೊಂದು ಕಾಪಿ ಹಂಚೋಣ."

ನೆಂಟರು ಚಪ್ಪಾಳೆ ತಟ್ಟಿದರು.

"ಬನ್ನಿ ಅಪ್ಪಾ, ಊಟಾನೂ ನಮ್ಮನೇಲೇ ಮಾಡಿದ್ರಾಯ್ತು," ಎಂದಳು ಅಲಮೇಲು.