ಲಂಡನ್ನಿನಲ್ಲಿ ಒಂದು ಮಲಯಾಳಂ ಸಿನಿಮಾ ನೋಡುವ ಪಾಡು

ನಾನು ಆಸೆಪಟ್ಟು ಏನಾದರೂ ಮಾಡಹೊರಟರೆ ಸಾಕು, ಒಂದಲ್ಲ ಒಂದು ಅಡ್ಡಿ ಎದುರಾಗುತ್ತಲೇ ಇರುತ್ತದೆ. ಕಾಲೇಜಿನಲ್ಲಿದ್ದಾಗ ಒಂದು ಮಲಯಾಳಂ ಕಾದಂಬರಿಯನ್ನು ಕನ್ನಡದಲ್ಲಿ ಓದಿ ಎರಡು ದಿನ ಊಟ ಬಿಟ್ಟಿದ್ದೆ. ಅದು ಸಿನಿಮಾ ಆಗಿಯೂ ಬಹಳ ಹೆಸರು ಮಾಡಿತ್ತು. ಊರಲ್ಲಿ ನೋಡಲಾಗದ್ದನ್ನು ಲಂಡನ್ನಿನಲ್ಲಿ ನೋಡೋಣವೆಂದು ಹೊರಟೆ.

೧. ಕ್ಯಾಸೆಟ್

ತೊಂಬತ್ತರ ದಶಕ. ಕಿಂಗ್ಸ್‌ಬರಿಯ ವಿಡಿಯೋ ಅಂಗಡಿಯ ಗುಜರಾತಿ ಯಜಮಾನರನ್ನು ಮೂರು ವಾರ ಕಾಡಿ ಕ್ಯಾಸೆಟ್ ತರಿಸಿದೆ. ಮೇಲಿನ ಬರಹ ಮಲಯಾಳಂನಲ್ಲಿತ್ತು. ಓದಲು ಅವರಿಗೂ ಬರದು, ನನಗೂ ಬರದು. ಮನೆಯಲ್ಲಿ ಹಾಕಿದರೆ ಯಾರದೋ ಮದುವೆ. ಕಥೆ ಹೀಗೇ ಶುರುವಾಗುತ್ತದೇನೋ ಎಂದು ಅರ್ಧ ಗಂಟೆ ನೋಡಿದೆ. ಊಟಕ್ಕೆ ಎಲೆ ಹಾಕಿದಾಗ ಅನುಮಾನ ಬಂತು. ನಿಲ್ಲಿಸಲು ಎದ್ದರೆ ಹೆಂಡತಿ ಬಿಡಲಿಲ್ಲ.

"ಸುಮ್ನೆ ಕೂತ್ಕೊಳ್ರೀ, ಈಗ ಪಾಯಸ ಬಡಿಸ್ತಾ ಇದಾರೆ."

೨. ಅನುವಾದ

ಇದನ್ನು ಕೇಳಿ ಕೆಳಗಿನ ಫ್ಲ್ಯಾಟಿನ ಕೇರಳದವರಿಗೆ ತಡೆಯಲಾಗಲಿಲ್ಲ. ಅವರು ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರಿಂದ ಅಸಲಿ ಕ್ಯಾಸೆಟ್ಟನ್ನೇ ತರಿಸಿ, ಭಾನುವಾರ ನಮ್ಮಿಬ್ಬರನ್ನೂ ಕರೆದರು. ಮಾತುಮಾತನ್ನೂ ಇಂಗ್ಲಿಷಿನಲ್ಲಿ ಹೇಳುತ್ತೇನೆಂದು ಭರವಸೆ ಕೊಟ್ಟರು.

ತೆರೆಯ ಮೇಲೆ ನಾಯಕಿಯ ಅಪ್ಪ ಐದು ನಿಮಿಷ ಕೂಗಾಡಿದ. ಏನಂತೆ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂದಿದೆ ಎಂದರು. ಅಷ್ಟು ನನಗೂ ಕಾಣುತ್ತಿತ್ತು. ಆಮೇಲೆ ನಾಯಕಿ ಒಂದೇ ಒಂದು ಮಾತಾಡಿದಳು. ಇವರು ಕಣ್ಣೊರೆಸಿಕೊಳ್ಳತೊಡಗಿದರು. ಅವಳು ಏನಂದಳೆಂದು ಕೇಳಿದೆ.

"ಅದನ್ನು ಬೇರೆ ಭಾಷೆಯಲ್ಲಿ ಹೇಳಲಾಗುವುದಿಲ್ಲ," ಎಂದು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಅತ್ತರು. ನಾಲ್ಕನೆಯ ಸಲ ಸುತ್ತಿದಾಗ ನಾವು ಎದ್ದು ಬಂದೆವು.

೩. ಪಿನ್ನರ್‌ನ ಹಾಲ್

ಕೆಲವು ವರ್ಷ ಕಳೆದು ಇಂಗ್ಲಿಷ್ ಸಬ್‌ಟೈಟಲ್ ಇರುವ ಡಿವಿಡಿ ಸಿಕ್ಕಿತು. ನಮ್ಮ ಕನ್ನಡದವರಿಗೆಲ್ಲ ತೋರಿಸೋಣವೆಂದು ಪಿನ್ನರ್‌ನಲ್ಲಿ ಒಂದು ಹಾಲ್ ಹಿಡಿದೆ. ಎರಡು ಗಂಟೆಗೆ ಎಂದರೆ ಮೂರಕ್ಕೆ ಬಂದರು. ಬಂದವರಲ್ಲಿ ಹಿರಿಯರೊಬ್ಬರು ಎದ್ದು, ಕನ್ನಡದವರು ಸೇರಿರುವಾಗ ಮಲಯಾಳಂ ಯಾಕೆ ಎಂದು ಜಗಳ ತೆಗೆದರು. ಅವರಿಗೆ ಬೋಂಡ ಕೊಟ್ಟು ಕೂರಿಸಿ ಸಿನಿಮಾ ಶುರುಮಾಡುವಷ್ಟರಲ್ಲಿ ನಾಲ್ಕು ದಾಟಿತ್ತು.

ಹಾಲಿನ ಕೇರ್‌ಟೇಕರ್ ಬಿಳಿಯ ಮುದುಕ. ಮೊದಲಿನಿಂದಲೂ ಬಾಗಿಲಲ್ಲೇ ನಿಂತಿದ್ದ. ಇನ್ನು ಇಪ್ಪತ್ತು ನಿಮಿಷದ ಸಿನಿಮಾ ಬಾಕಿಯಿದೆ ಎನ್ನುವಾಗ ಸರಿಯಾಗಿ ಆರು ಗಂಟೆಗೆ ದೀಪ ಹಾಕಿ ಪ್ಲಗ್ ಕಿತ್ತ. ನಾನು ಕೈಮುಗಿದೆ. ಅವನು ಗೋಡೆಯ ಮೇಲಿನ ನಿಯಮ ತೋರಿಸಿದ. ಆರರ ಮೇಲೆ ಒಂದು ನಿಮಿಷವೂ ಇಲ್ಲ.

ಹೊರಗೆ ಕಾರ್ ಪಾರ್ಕಿನಲ್ಲಿ ಎಲ್ಲರೂ ನನ್ನನ್ನು ಸುತ್ತುವರಿದರು. ಕಾದಂಬರಿ ಓದಿದ್ದವನು ನಾನೊಬ್ಬನೇ. ಚಳಿಯಲ್ಲೇ ನಿಂತು ಕೊನೆಯ ಭಾಗವನ್ನು ಹೇಳಿದೆ. ಜಗಳ ತೆಗೆದಿದ್ದ ಹಿರಿಯರೇ ಎಲ್ಲರಿಗಿಂತ ಹೆಚ್ಚು ಮೂಗೊರೆಸಿಕೊಂಡರು. ಎಲ್ಲರೂ ಹೊರಟ ಮೇಲೆ ಕೇರ್‌ಟೇಕರ್ ಬೀಗದ ಕೈ ಹಿಡಿದು ನನ್ನ ಹತ್ತಿರ ಬಂದ. ಅಷ್ಟು ಹೊತ್ತೂ ಸಬ್‌ಟೈಟಲ್ ಓದುತ್ತಿದ್ದನಂತೆ.

"ಆ ಹುಡುಗಿ ಕೊನೆಗೆ ಏನಾದಳು?" ಎಂದು ಮೆಲ್ಲಗೆ ಕೇಳಿದ.

ನಾನು ಗಡಿಯಾರ ನೋಡಿಕೊಂಡೆ.

"ಆರು ದಾಟಿತಲ್ಲ," ಎಂದು ಕಾರು ಹತ್ತಿದೆ.