ಚಿಂತಾಮಣಿಗೆ ಹೊಸದಾಗಿ ಬರುವವರಿಗೆ

ಎರಡು ಭಾಷೆಗಳ ಊರಿನಲ್ಲಿ ಹೊಸಬರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದ ದಿನ ನಾಚಿಕೆಯಾಗುತ್ತದೆ; ವಾರ ಕಳೆದ ಮೇಲೆ ನಗು ಬರುತ್ತದೆ. ಮಂಡ್ಯದ ಕಡೆಯವಳಾದ ನಾನು ಇಲ್ಲಿನ ಶಾಲೆಗೆ ಗಣಿತ ಶಿಕ್ಷಕಿಯಾಗಿ ಬಂದು ಎರಡು ವರ್ಷವಾಯಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಲ್ಲಿ ನಾನು ಎಲ್ಲಿಗೆ ಹೋದರೂ ಮಾತು ನಿಲ್ಲುತ್ತಿತ್ತು. ಹಾಲಿನ ಡೈರಿಯಲ್ಲೂ ಜನ ನನ್ನನ್ನು ಕಂಡು ದನಿ ತಗ್ಗಿಸುತ್ತಿದ್ದರು. ಅದರಿಂದ ತಪ್ಪಿಸಿಕೊಳ್ಳಲೆಂದೇ ವರ್ಗ ಕೇಳಿ ಬಂದೆ. ಇಲ್ಲೂ ಹಾಗೇ ಆದರೆ ಮುಂದೆಲ್ಲಿಗೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ತರಕಾರಿ ಅಂಗಡಿಯಲ್ಲಿ ತೆಲುಗು ಕಲಿಯಬೇಡಿ

ಮೊದಲ ವಾರವೇ ನಾಲ್ಕು ತೆಲುಗು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ ತರಕಾರಿಯವರ ಮುಂದೆ ನಿಂತೆ. ಅವರು ಎಲ್ಲರೊಡನೆ ತೆಲುಗಿನಲ್ಲೇ ಮಾತಾಡುತ್ತಿದ್ದರು. ನಾನು ತೆಲುಗಿನಲ್ಲಿ ಟೊಮೆಟೊ ಬೆಲೆ ಕೇಳಿದೆ. ಅವರು ಕನ್ನಡದಲ್ಲಿ ಹೇಳಿದರು. ತೆಲುಗಿನಲ್ಲಿ ಅರ್ಧ ಕೆಜಿ ಕೇಳಿದೆ. "ಗಟ್ಟಿ ಹಣ್ಣು ಕೊಡ್ಲಾ, ಮಾಗಿದ್ದು ಕೊಡ್ಲಾ?" ಎಂದು ಕನ್ನಡದಲ್ಲೇ ಕೇಳಿದರು. ಮೂರನೆಯ ವಾಕ್ಯ ಮರೆತು ಚೀಟಿ ತೆಗೆದೆ. ಹಿಂದೆ ಐದಾರು ಜನ ಕಾಯುತ್ತಿದ್ದರು.

ಅವರು ತಕ್ಕಡಿ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ಹೇಳಿದರು: "ಮೇಡಂ, ನೀವೂ ನಿಮ್ಮ ಭಾಷೆ ಮಾತಾಡಿ, ನಾನೂ ನಿಮ್ಮ ಭಾಷೇನೇ ಮಾತಾಡ್ತೀನಿ. ಹಿಂದಿರೋರು ಮನೆಗೋಗಿ ಅಡಿಗೆ ಮಾಡ್ಬೇಕು."

ಮಕ್ಕಳ ಎಣಿಕೆಗೆ ಅಡ್ಡ ಬರಬೇಡಿ

ಐದನೇ ತರಗತಿಯ ಒಬ್ಬಳು ಹುಡುಗಿ ಲೆಕ್ಕ ಮಾಡುವಾಗ ಬಾಯೊಳಗೇ ತೆಲುಗಿನಲ್ಲಿ ಎಣಿಸಿಕೊಂಡು ಉತ್ತರವನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಕನ್ನಡ ಶಾಲೆ, ಎಣಿಕೆಯೂ ಕನ್ನಡದಲ್ಲಿರಲಿ ಎಂದೆ. ಮಾರನೆಯ ದಿನ ಉತ್ತರ ತಪ್ಪಿತು.

"ಏನಮ್ಮ, ನಿನ್ನೆ ಇದೇ ಲೆಕ್ಕ ಸರಿ ಮಾಡಿದ್ಯಲ್ಲ?"

"ನಿನ್ನೆ ನಾನು ಮಾಡಿದ್ದು ಮಿಸ್," ಎಂದಳು ಅವಳು. "ಇವತ್ತು ನೀವು ಹೇಳ್ದಂಗೆ ಮಾಡಿದ್ದು."

ಕಾಫಿಗೆ ಯಾಕೆ ಕರೆಯುತ್ತಾರೆಂದು ಕೇಳಿಬಿಡಿ

ನಾನಿರುವುದು ಮಹಡಿಯಲ್ಲಿ; ಪಕ್ಕದ ರೂಮು ಖಾಲಿ. ಕೆಳಗೆ ಮನೆ ಮಾಲೀಕರು, ಅವರ ತಾಯಿ, ಅವರ ಹೆಂಡತಿ. ಮಾಲೀಕರು ನಿವೃತ್ತ ಗುಮಾಸ್ತರು. ಕೆಳಗಿನಿಂದ ದಿನವೂ ಅತ್ತೆ ಸೊಸೆಯರ ತೆಲುಗು ಜೋರಾಗಿ ಕೇಳುತ್ತಿತ್ತು. ನಾನು ಬಾಗಿಲಲ್ಲಿ ಕಾಣಿಸಿದೆನೋ, ನಿಂತುಬಿಡುತ್ತಿತ್ತು. ಆಮೇಲೆ ಮೆಲುದನಿಯ ಕನ್ನಡ. ಅದು ಸಾಲದೆಂಬಂತೆ ಮಾಲೀಕರು ವಾರಕ್ಕೆ ಮೂರು ಸಲ ಮೆಟ್ಟಿಲ ಬುಡದಲ್ಲಿ ನಿಂತು, "ಬನ್ನಿ ಮೇಡಂ, ಅಮ್ಮ ಕಾಫಿಗೆ ಕರೀತಾರೆ" ಎನ್ನುವರು. ಗಂಡನನ್ನು ಕಳೆದುಕೊಂಡವಳೆಂಬ ಕರುಣೆ ಇಲ್ಲಿಗೂ ಬಂತೆಂದುಕೊಂಡೆ. ಮತ್ತೆ ವರ್ಗಕ್ಕೆ ಅರ್ಜಿಯನ್ನೂ ಬರೆದಿಟ್ಟೆ.

ಆರು ತಿಂಗಳು ತಡೆದು, ಒಂದು ದಿನ ಗೇಟಿನ ಹತ್ತಿರ ಮಾಲೀಕರನ್ನೇ ಕೇಳಿದೆ. "ನನ್ನ ಕಂಡ ಕೂಡ್ಲೇ ಮಾತು ನಿಲ್ಲಿಸ್ತೀರಲ್ಲ ಸಾರ್, ಪಾಪ ಅಂತಾನಾ?"

ಅವರು ಮನೆಯ ಕಡೆ ಒಮ್ಮೆ ನೋಡಿಕೊಂಡರು. "ಪಾಪ ನಾನು ಮೇಡಂ. ನಮ್ಮನೇಲಿ ಜಗಳ ತೆಲುಗಲ್ಲಿ. ತೆಲುಗು ಬರ್ದಿರೋರ ಮುಂದೆ ತೆಲುಗು ಆಡ್ಬಾರ್ದು ಅಂತ ಇಬ್ರೂ ಕನ್ನಡಕ್ಕೆ ತಿರುಗ್ತಾರೆ. ಕನ್ನಡದಲ್ಲಿ ಬೈಯಕ್ಕೆ ಇಬ್ರಿಗೂ ಬರಲ್ಲ. ನೀವು ಕೂತ್ರೆ ಒಂದು ಗಂಟೆ ನನಗೆ ಪೇಪರ್ ಓದಕ್ಕಾಗ್ತದೆ."

"ಹಾಗಾದ್ರೆ ಕಾಫಿಗೆ ಕರೆಯೋದು ಅಮ್ಮ ಅಲ್ವಾ?"

"ಅಮ್ಮಂಗೆ ಗೊತ್ತೇ ಇಲ್ಲ. ಕಾಫಿ ಮಾಡೋನೂ ನಾನೇ."

ಮೆಟ್ಟಿಲು ಹತ್ತುವಾಗ ಒಬ್ಬಳೇ ನಕ್ಕೆ. ಹಾಗೆ ನಕ್ಕು ಬಹಳ ದಿನವಾಗಿತ್ತು. ಅರ್ಜಿಯನ್ನು ಹರಿದು ಹಾಕಿದೆ.

ರುಚಿ ಕೇಳಿದರೆ ನಿಜ ಹೇಳಿ

ಹೋದ ತಿಂಗಳು ಕೆಳಗೆ ಜಗಳ ಏರುತ್ತಿದ್ದಂತೆ ಎಂದಿನಂತೆ ಕರೆ ಬಂತು. ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಜಗಳ ಸೊಸೆ ಮಾಡಿದ ಬಸ್ಸಾರಿನ ಹುಳಿಯದು. ಇಬ್ಬರೂ ನನ್ನ ಕಡೆ ನೋಡಿದರು. ಕನ್ನಡಕ್ಕೆ ಯಾರೂ ತಿರುಗಲಿಲ್ಲ.

ಅತ್ತೆ ಸೌಟಿನಿಂದ ನನ್ನ ಅಂಗೈಗೆ ಸಾರು ಬಿಟ್ಟು, "ನುವ್ವೇ ಚೆಪ್ಪಮ್ಮ" ಎಂದರು. ನೀನೇ ಹೇಳು, ಎಂದು.

ನೆಕ್ಕಿ ನೋಡಿದೆ. ಹುಳಿ ತುಸು ಜಾಸ್ತಿಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸೊಸೆ ನನ್ನ ಕಡೆ ತಿರುಗಿದರು. ಮಂಡ್ಯದವರ ನಾಲಿಗೆಯಿಂದ ಹಿಡಿದು ಗಣಿತದ ಮೇಡಂಗಳ ಅಡಿಗೆಯವರೆಗೆ ತೆಲುಗಿನಲ್ಲಿ ಬೈದರು. ನನಗೆ ಅರ್ಧ ಅರ್ಥವಾಯಿತು, ಅರ್ಧವೇ ಸಾಕಷ್ಟಿತ್ತು. ಅತ್ತೆ ನನ್ನ ಪರವಾಗಿ ಇನ್ನೂ ಜೋರಾಗಿ ಶುರು ಮಾಡಿದರು. ನಾನು ಗೋಡೆಗೆ ಒರಗಿ, ಅಂಗೈಯಲ್ಲಿ ಉಳಿದಿದ್ದ ಸಾರನ್ನು ನಿಧಾನವಾಗಿ ನೆಕ್ಕುತ್ತ ನಿಂತೆ.

ಲೋಟ ಹಿಡಿದು ಬಂದ ಮಾಲೀಕರು ಮೂವರನ್ನೂ ನೋಡಿದರು. ನನಗೆ ತಂದಿದ್ದ ಕಾಫಿಯನ್ನು ತಾವೇ ಒಂದು ಗುಟುಕು ಕುಡಿದರು.

"ಹೋಯ್ತು. ಇವ್ರೂ ಮನೆಯವರಾಗ್ಬಿಟ್ರು," ಎಂದರು. "ಇನ್ನು ಪಕ್ಕದ ರೂಮಿಗೆ ತೆಲುಗು ಬರ್ದಿರೋರು ಇನ್ನೊಬ್ರನ್ನ ಹುಡುಕ್ಬೇಕು."